ಸತ್ಯವೇದ (ಬೈಬಲ್) ಓದು ಪ್ರತಿ ವರ್ಷ ಫೆಬ್ರವರಿಗೇ ನಿಲ್ಲುತ್ತೆ: ಮಾಡುವ ಬಗೆ ಹೇಳಿ

ಕೇಳಿದವರು:
ಆಸ್ಪತ್ರೆಯಲ್ಲಿ ನರ್ಸ್, ಮೂರು ಪಾಳಿ. ಮಕ್ಕಳಿಗೆ ಒಂಬತ್ತು ಮತ್ತು ನಾಲ್ಕು ವರ್ಷ. ಜನವರಿ 1ಕ್ಕೆ ಸತ್ಯವೇದ ಶುರು ಮಾಡ್ತೀನಿ, ಫೆಬ್ರವರಿಯಲ್ಲಿ ಬಿಟ್ಟು ಹೋಗುತ್ತೆ. ಪ್ರಾರ್ಥನೆಗೆ ಕೂತರೆ ಮೂರು ನಿಮಿಷಕ್ಕೆ ಮನಸ್ಸು ಎಲ್ಲೆಲ್ಲೋ. ಕುಟುಂಬ ಪ್ರಾರ್ಥನೆ ಭಾನುವಾರಕ್ಕೆ ಮಾತ್ರ. "ಮನಸ್ಸು ಮಾಡಬೇಕಷ್ಟೆ" ಅನ್ನೋ ಉತ್ತರ ದಯವಿಟ್ಟು ಬೇಡ.

ಹುಬ್ಬಳ್ಳಿಯಿಂದ, ಸಂಡೇ ಸ್ಕೂಲ್ ಟೀಚರ್:
ಸಿಸ್ಟರ್, ಮೊದಲು ಲೆಕ್ಕ ನೋಡ್ರಿ. ನಮ್ಮ ಸತ್ಯವೇದದಾಗ 1189 ಅಧ್ಯಾಯ. ದಿನಾ ಮೂರು, ಭಾನುವಾರ ಐದು ಓದಿದ್ರ ವರ್ಷಕ್ಕ ಮುಗೀತೈತಿ. ಮೊದಲ ಎರಡು ಪುಸ್ತಕದಾಗ, ಆದಿಕಾಂಡ 50, ವಿಮೋಚನಕಾಂಡ 40. ಈ ಓಟಕ್ಕ ನಾಲ್ಕನೇ ವಾರ ದೇವರ ಆರಾಧನಿಗೆ ಕಟ್ಟಿದ ಗುಡಾರದ ಹಲಗಿ, ಕೊಂಡಿ, ಪರದೆ ಅಳತಿ ಬರ್ತಾವು, ಜನವರಿ ಮುಗಿಯೂದ್ರಾಗ ಯಾಜಕಕಾಂಡದ ಹೋಮ. ಕತಿ ನಿಂತು ಬರೇ ವಿಧಿ ಬರೂ ಜಾಗ ಅದು. ಅಲ್ಲೇ ಎರಡು ನೈಟ್ ಡ್ಯೂಟಿ ಬಿದ್ರ ಆರು ಅಧ್ಯಾಯ ಬಾಕಿ, ಒಂದು ವಾರ ತಪ್ಪಿದ್ರ 23. ಭಾಳ ಮಂದಿ ಬಿಡೂದು ಬ್ಯಾಸರಕ್ಕಲ್ಲ, ಬಾಕಿಗೆ ಅಂಜಿ.

ಅದಕ್ಕ ತಾರೀಖು ಹಾಕಿದ ಪಟ್ಟಿ ಬಿಟ್ಟುಬಿಡ್ರಿ. ಸತ್ಯವೇದದ ಮುಂದಿನ ಪುಟದಾಗ ಪುಸ್ತಕಗಳ ಹೆಸರು ಇರ್ತಾವಲ್ಲ, ಮುಗಿಸಿದ್ದಕ್ಕ ಪೆನ್ಸಿಲ್ ಗೀಟು. ನಿಂತಲ್ಲಿ ಒಂದು ದಾರ. ತಪ್ಪಿದ ದಿನ ತಪ್ಪಿತು; ಮರುದಿನ ದಾರ ಇದ್ದಲ್ಲಿಂದ ಒಂದೇ ಅಧ್ಯಾಯ, ಎರಡು ಓದಿ ಸರಿಮಾಡಾಕ ಹೋಗಬ್ಯಾಡ್ರಿ. ಮಾರ್ಕನ ಸುವಾರ್ತೆಯಿಂದ ಶುರು ಮಾಡ್ರಿ, 16 ಅಧ್ಯಾಯ. 14ನೇದು ಮಾತ್ರ ಉದ್ದ, 72 ವಚನ. ಗೆತ್ಸೇಮನೆಯ ಪ್ರಾರ್ಥನೆ ಮುಗಿಯೂ 42ಕ್ಕ ನಿಲ್ಲಿಸಿ, ಉಳಿದದ್ದು ಮರುದಿನ. ಯಾಜಕಕಾಂಡ ಹಾರಿಸಬ್ಯಾಡ್ರಿ. ಆದ್ರ ಇಬ್ರಿಯರಿಗೆ ಬರೆದ ಪತ್ರಿಕೆಯ 9, 10 ಮೊದಲು ಓದಿ ಆಮೇಲೆ ಹೋಗ್ರಿ. ಆ ರಕ್ತ, ಆ ಯಾಜಕ ಯಾಕ ಅನ್ನೂದು ಅಲ್ಲೇ ಬಿಡಿಸಿ ಹೇಳೈತಿ.

ಮೈಸೂರಿನಿಂದ:
ಮನಸ್ಸು ಓಡುವುದಕ್ಕೆ ಮುಖ್ಯ ಕಾರಣ, ಮೂರು ನಿಮಿಷಕ್ಕೆ ನಮ್ಮ ಮಾತು ಖಾಲಿಯಾಗುವುದು. ಆಮೇಲೆ ಕಣ್ಣು ಮುಚ್ಚಿಕೊಂಡು ನಾಳೆಯ ತಿಂಡಿ ಯೋಚನೆ. ಅದಕ್ಕೆ ಸತ್ಯವೇದದ ಕೀರ್ತನೆಗಳ ಪುಸ್ತಕವನ್ನು ಎದುರಿಗೆ ತೆರೆದಿಟ್ಟು, ಕಣ್ಣು ಬಿಟ್ಟುಕೊಂಡೇ, ಒಂದು ವಚನ ಓದಿ ಅದರ ಮೇಲೆ ಒಂದು ವಾಕ್ಯ ಪ್ರಾರ್ಥಿಸಿ. 23ನೇ ಕೀರ್ತನೆ ತಗೊಳ್ಳಿ, ಆರೇ ವಚನ. ಕುರುಬನ ಮಾತು ಬಂದಾಗ ಈ ತಿಂಗಳ ಕೊರತೆ ಏನೋ ಅದನ್ನು ಹೆಸರಿಟ್ಟು ಹೇಳಿ. ಹಸುರು ಹುಲ್ಲುಗಾವಲು ಬಂದಾಗ ಡ್ಯೂಟಿ ಮುಗಿದ ಮೇಲಿನ ನಿದ್ದೆ ಕೇಳಿ. ಕತ್ತಲ ಕಣಿವೆಗೆ ನಿಮ್ಮ ವಾರ್ಡಿನ ರೋಗಿಗಳು. ಐದನೇ ವಚನದಲ್ಲಿ ವಿರೋಧಿಗಳ ಮುಂದೆ ಊಟ ಬಡಿಸುವ ಮಾತಿದೆ. ಜೊತೆ ಕೆಲಸದವರಲ್ಲಿ ಯಾರ ಜೊತೆ ಮುನಿಸೋ ಅವರು ತಾನಾಗಿ ನೆನಪಿಗೆ ಬರುತ್ತಾರೆ. ಹತ್ತು ನಿಮಿಷ ಹೋದದ್ದೇ ಗೊತ್ತಾಗಲ್ಲ. ತುಟಿ ಅಲ್ಲಾಡಲಿ, ಮೆಲ್ಲಗಾದರೂ ದನಿ ಬರಲಿ.

ಯಾವ ಕೀರ್ತನೆ ಅಂತ ಹುಡುಕುತ್ತಾ ಕೂರಬೇಡಿ. ತಾರೀಖಿನ ಅಂಕಿ ಹಿಡಿದು 30 ಕೂಡಿಸುತ್ತಾ ಹೋಗಿ: 7ನೇ ತಾರೀಖಾದರೆ 7, 37, 67, 97, 127. ಐದರ ಮೇಲೂ ಕಣ್ಣಾಡಿಸಿ, ಇವತ್ತಿನ ಮನಸ್ಸಿಗೆ ಹತ್ತಿರವಾದ ಒಂದನ್ನು ಹಿಡಿಯಿರಿ. 29ಕ್ಕೆ 119 ಬರುತ್ತೆ, 176 ವಚನ. ಅದನ್ನು 31ನೇ ತಾರೀಖಿಗೆ ಎತ್ತಿಡಿ, ಆ ದಿನಕ್ಕೆ ಬೇರೇನೂ ಇಲ್ಲ. ಮೊಬೈಲಿನ ಸತ್ಯವೇದ ಬಸ್ಸಿಗೆ ಸರಿ, ಮನೆಯಲ್ಲಿ ಕಾಗದದ್ದೇ ಇರಲಿ. ಫೋನ್ ಅಡುಗೆಮನೆಯಲ್ಲಿ ಚಾರ್ಜಿಗೆ ಬಿಡಿ.

ಮಂಗಳೂರಿನಿಂದ, ಕಥೋಲಿಕ ಧರ್ಮಕೇಂದ್ರ:
ನಮ್ಮ ಬೈಬಲಿನಲ್ಲಿ 66 ಅಲ್ಲ, 73 ಪುಸ್ತಕ, ಹಾಗಾಗಿ ಮೇಲಿನ ಲೆಕ್ಕ ನಮಗೆ ಇನ್ನೂ ಉದ್ದ! ಪಾಳಿಯವರಿಗೆ ಜಪಸರ ಒಳ್ಳೆಯದು. ಐದು ದಶಕಕ್ಕೆ (ಹತ್ತು ಮಣಿಯ ಐದು ಸುತ್ತಿಗೆ) ಇಪ್ಪತ್ತು ನಿಮಿಷ ಸಿಗದಿದ್ದರೆ ಒಂದು ದಶಕ ಹೇಳಿ: ಒಂದು ಪರಲೋಕ ಮಂತ್ರ, ಹತ್ತು ನಮೋ ಮರಿಯಾ, ಒಂದು ತ್ರಿತ್ವ ಸ್ತುತಿ. ನಾಲ್ಕು ನಿಮಿಷ. ಬಾಯಿ ಹೇಳುತ್ತಾ ಮನಸ್ಸು ಓಡುವುದು ಇಲ್ಲೂ ಇದೆ. ಮೊದಲೇ ರಹಸ್ಯದ (ಆ ದಶಕದಲ್ಲಿ ಧ್ಯಾನಿಸುವ ಯೇಸು, ಮರಿಯಮ್ಮನವರ ಬದುಕಿನ ಘಟನೆಯ) ಒಂದು ದೃಶ್ಯ ಹಿಡಿದುಕೊಳ್ಳದೆ ಮಣಿ ಎಣಿಸಲು ಶುರು ಮಾಡಿದರೆ ಆಗುವ ಕತೆ ಅದು.

ಯಾವ ಸಭೆಯವರಾದರೂ ಮಾಡಬಹುದಾದದ್ದು ಯೇಸುಸಭೆ ಸ್ಥಾಪಿಸಿದ ಲೊಯೋಲದ ಸಂತ ಇಗ್ನೇಷಿಯಸರ ಆತ್ಮಶೋಧನೆ. ಮಲಗುವ ಮುನ್ನ ಐದು ಹೆಜ್ಜೆ: ಕೃತಜ್ಞತೆ, ಬೆಳಕಿಗಾಗಿ ಬೇಡಿಕೆ, ದಿನವನ್ನು ಗಂಟೆ ಗಂಟೆಯಾಗಿ ನೋಡುವುದು, ಕ್ಷಮೆ, ನಾಳೆಗೆ ಒಂದು ತೀರ್ಮಾನ. ಕೃತಜ್ಞತೆಯನ್ನು ಹಾರಿಸಿದರೆ ಬರೀ ತಪ್ಪುಗಳ ಪಟ್ಟಿ ಉಳಿದು ನಿದ್ದೆ ಕೆಡುತ್ತದೆ. ತೀರ್ಮಾನವೂ ಒಂದೇ ಇರಲಿ. "ಇನ್ನು ಸಿಟ್ಟಾಗುವುದಿಲ್ಲ" ಅಂತಲ್ಲ, "ಬೆಳಿಗ್ಗೆ ಮಗನನ್ನು ಎಬ್ಬಿಸುವಾಗ ಕೂಗುವುದಿಲ್ಲ" ಅಂತ.

ಬೆಂಗಳೂರಿನಿಂದ:
ಕುಟುಂಬ ಪ್ರಾರ್ಥನೆಗೆ ಏಳೆಂಟು ನಿಮಿಷ ಸಾಕು ಅಕ್ಕಾ. ಒಂದು ಪಲ್ಲವಿ, ಐದಾರು ವಚನ, ಒಂದು ಪ್ರಾರ್ಥನೆ, ಕೊನೆಗೆ ಎಲ್ಲರೂ ಸೇರಿ ಕರ್ತನ ಪ್ರಾರ್ಥನೆ. ಊಟ ಆದ ಮೇಲೆ ಅಂದರೆ ಚಿಕ್ಕದು ನಿದ್ದೆಗೆ ಜಾರುತ್ತೆ, ತಟ್ಟೆ ಹಾಕುವ ಮೊದಲೇ ಮುಗಿಸಿ. ದೊಡ್ಡದಕ್ಕೆ ಓದಲು ಕೊಡಿ, ಚಿಕ್ಕದು "ಯೇಸಪ್ಪಾ, ದೋಸೆಗೆ ಥ್ಯಾಂಕ್ಸ್" ಅಂದರೆ ಅದೇ ಅದರ ಪ್ರಾರ್ಥನೆ, ತಿದ್ದಬೇಡಿ. ಮಕ್ಕಳು ಕುಟುಂಬ ಪ್ರಾರ್ಥನೆಗೆ ಓಡುವುದು ಹೆಚ್ಚಾಗಿ ದೊಡ್ಡವರ ಒಂದು ಚಾಳಿಗೆ: "ಕರ್ತನೇ, ಇವನಿಗೆ ಗಣಿತ ಓದುವ ಬುದ್ಧಿ ಕೊಡು, ಟಿವಿ ಬಿಡುವ ಮನಸ್ಸು ಕೊಡು." ಅದು ಕರ್ತನಿಗೆ ಹೇಳಿದ್ದಲ್ಲ, ಮಗನಿಗೆ ಬೈದದ್ದು, ಅವನಿಗೂ ಗೊತ್ತು. ನೀವು ಡ್ಯೂಟಿಯಲ್ಲಿರುವ ದಿನ ಮನೆಯವರು ನಡೆಸಲಿ, ನಿಮಗಾಗಿ ಕಾಯುವುದು ಬೇಡ.

ಕೇಳಿದವರು:
ಎಲ್ಲರಿಗೂ ವಂದನೆ. ನೈಟ್ ಡ್ಯೂಟಿ ವಾರದಲ್ಲಿ ಯಾವ ಹೊತ್ತು? ಉಪವಾಸ ಪ್ರಾರ್ಥನೆಯೂ ಅದೇ ವಾರ ಬಂದರೆ?

ಹುಬ್ಬಳ್ಳಿಯಿಂದ, ಸಂಡೇ ಸ್ಕೂಲ್ ಟೀಚರ್:
ಗಡಿಯಾರಕ್ಕ ಕಟ್ಟಬ್ಯಾಡ್ರಿ, ಮಾಡೂ ಕೆಲಸಕ್ಕ ಕಟ್ರಿ. ಮನಿಗೆ ಬಂದು ಯೂನಿಫಾರ್ಮ್ ಬಿಚ್ಚಿ, ಕೈಕಾಲು ತೊಳದು, ಚಾ ಇಟ್ಟಾಗ ಒಂದು ಕೀರ್ತನೆ. ಹಗಲಾಗ್ಲಿ ರಾತ್ರಿಯಾಗ್ಲಿ ಆ ಚಾ ತಪ್ಪೂದಿಲ್ಲಲ್ಲ. ಹಾಸಗಿ ಮ್ಯಾಲ ಮಾತ್ರ ಬ್ಯಾಡ, ಎರಡನೇ ವಚನಕ್ಕ ನಿದ್ದಿ. ಉಪವಾಸ ನೈಟ್ ವಾರದಾಗ ಬ್ಯಾಡ್ರಿ, ರಜಾ ದಿನ ಒಂದು ಹೊತ್ತಿನ ಊಟ ಬಿಟ್ಟು ಆ ಹೊತ್ತು ಪ್ರಾರ್ಥನೆಗೆ ಕೊಡ್ರಿ, ನೀರು ಕುಡೀರಿ. ಶುಗರ್ ಮಾತ್ರಿ ತಗೊಳ್ಳೋರಿಗೆ ಏನು ಹೇಳ್ತೀರಿ ಅನ್ನೂದು ನಿಮಗ ನಮಗಿಂತ ಚಲೋ ಗೊತ್ತೈತಿ.