ಬೋರ್ಡ್ ಮಾತ್ರ ಉಳಿದಿದೆ ಅಂದೆಯಲ್ಲಾ ಪುಟ್ಟಾ

ಪುಟ್ಟಾ, ನಿನ್ನ ಮೆಸೇಜ್ ನೋಡಿದಾಗ ಅಮಾನಿಕೆರೆ ಹತ್ತಿರ ವಾಕಿಂಗ್ ಮಾಡುತ್ತಿದ್ದೆ. ಅಲ್ಲೇ ಬೆಂಚಿನ ಮೇಲೆ ಕೂತು ಎರಡು ಸಲ ಓದಿದೆ. ಈಗ ಮನೆಗೆ ಬಂದು, ಕಾಫಿ ಕುಡಿದು ಮಾತಾಡುತ್ತಿದ್ದೇನೆ, ಫೋನು ತಾನೇ ಬರೆದುಕೊಳ್ಳುತ್ತಿದೆ. ಉದ್ದ ಆಗುತ್ತದೆ. ಬಿಡುವು ಮಾಡಿಕೊಂಡು ಪೂರ್ತಿ ಓದು.

"ಅತ್ತೆ, ನಿಮ್ಮ ಯೆಸ್ ಬ್ಯಾಂಡ್ ನಾನಿರುವ ಊರಿಗೇ ಬರುತ್ತಿದೆ, ಆದರೆ ಶುರು ಮಾಡಿದವರು ಒಬ್ಬರೂ ಇಲ್ಲವಂತೆ, ಬೋರ್ಡ್ ಮಾತ್ರ ಉಳಿದಿದೆ, ಇದಕ್ಕೆ ಇಷ್ಟು ದುಡ್ಡು ಕೊಟ್ಟು ಹೋಗಬೇಕಾ" ಅಂತ ಕೇಳಿದ್ದೀಯ. ಅದರ ಕೆಳಗೆ ಶಿರಾ ಮಾವ "ಆಂಡರ್ಸನ್ ಹೋದ ಮೇಲೆ ಅದು ಯೆಸ್ಸೇ ಅಲ್ಲ" ಅಂತ ಬರೆದಿದ್ದಾರೆ. ಮಾವನ ಮಾತಿಗೆ ಆಮೇಲೆ ಬರುತ್ತೇನೆ. ನಿನಗೆ ಉತ್ತರ ಮೊದಲೇ ಹೇಳಿಬಿಡುತ್ತೇನೆ: ಹೋಗು.

ನಮ್ಮ ಮನೆಗೆ ಇಂಗ್ಲೆಂಡಿನ ಈ ರಾಕ್ ಬ್ಯಾಂಡ್ ತಂದಿದ್ದು ನಿಮ್ಮಪ್ಪ. ಅಣ್ಣ ಗ್ರೂಪಿನಲ್ಲೇ ಇದ್ದಾನೆ, ತಪ್ಪಿದ್ದರೆ ಅವನೇ ತಿದ್ದಲಿ. 1984ರ ಕೊನೆ. ನಾನು ಪಿಯುಸಿ ಓದುತ್ತಿದ್ದೆ, ಅಣ್ಣ ಎಚ್‌ಎಂಟಿ ವಾಚ್ ಫ್ಯಾಕ್ಟರಿಗೆ ಹೊಸದಾಗಿ ಸೇರಿದ್ದ. ಅಲ್ಲಿ ಜೊತೆಗೆ ಕೆಲಸ ಮಾಡುವ ಬೆಂಗಳೂರಿನ ಹುಡುಗನೊಬ್ಬ 90 ನಿಮಿಷದ ಒಂದು ಕ್ಯಾಸೆಟ್ ತುಂಬಿಸಿ ಕೊಟ್ಟಿದ್ದ. ಮೇಲೆ ಬಾಲ್‌ಪೆನ್ನಲ್ಲಿ "ಯೆಸ್" ಅಂತ ಬರೆದಿದ್ದು ಬಿಟ್ಟರೆ ಇನ್ನೇನೂ ಇರಲಿಲ್ಲ. ಚಿಕ್ಕಪೇಟೆ ಮನೆಯ ತಾರಸಿ ಮೇಲೆ, ಕರೆಂಟ್ ಹೋದ ರಾತ್ರಿ, ಸೆಲ್ ಹಾಕಿದ ಟೇಪ್‌ರೆಕಾರ್ಡರಿನಲ್ಲಿ ಕೇಳಿದೆವು. ಎ ಸೈಡ್ ಕಾಲು ಕುಣಿಸುವ ಹಾಗಿತ್ತು. ಚೂಪಾದ ಗಿಟಾರ್, ಚಕಚಕ ಡ್ರಮ್ಮು, ನಾಲ್ಕೈದು ನಿಮಿಷಕ್ಕೆ ಒಂದು ಹಾಡು. ಬಿ ಸೈಡ್ ಹಾಕಿದರೆ ಹಕ್ಕಿ ಕೂಗು, ನೀರು ಹರಿಯುವ ಸದ್ದು, ಅದು ಮುಗಿಯುವಷ್ಟರಲ್ಲಿ ಎಲ್ಲರೂ ಒಂದೊಂದು ದಿಕ್ಕಿಗೆ ಓಡಿದ ಹಾಗೆ ಬಾರಿಸುತ್ತಾರೆ, ಮಧ್ಯೆ ಚರ್ಚಿನ ಆರ್ಗನ್ ಬರುತ್ತದೆ, ಒಂದೇ ಹಾಡು ಹದಿನೆಂಟು ನಿಮಿಷ ದಾಟುತ್ತದೆ. ಇದು ಎರಡು ಬೇರೆ ಬ್ಯಾಂಡು, ನಿನ್ನ ಸ್ನೇಹಿತ ತಪ್ಪು ಹೆಸರು ಬರೆದಿದ್ದಾನೆ ಅಂತ ನಾನು ಹಟ ಹಿಡಿದೆ. ಅಣ್ಣ ಹೇಳಿದ, ಹಾಡುವವನ ಗಂಟಲು ಕೇಳು, ಕೆಳಗೆ ದಪ್ಪ ತಂತಿಯ ಗಿಟಾರ್ ಕೇಳು, ಎರಡು ಕಡೆಯೂ ಅವರೇ. ಮತ್ತೆ ತಿರುಗಿಸಿ ಹಾಕಿದೆವು. ಹೌದು, ಅವರೇ.

ಎ ಸೈಡ್ 1983ರದ್ದು, ಬಿ ಸೈಡ್ 1972ರದ್ದು. ಎರಡರಲ್ಲೂ ಇದ್ದವರು ಇಬ್ಬರೇ, ಹಾಡುವ ಜಾನ್ ಆಂಡರ್ಸನ್ ಮತ್ತು ಬಾಸ್ ಗಿಟಾರಿನ ಕ್ರಿಸ್ ಸ್ಕ್ವೈರ್. 1968ರಲ್ಲಿ ಲಂಡನ್‌ನಲ್ಲಿ ಬ್ಯಾಂಡ್ ಕಟ್ಟಿದವರೂ ಈ ಇಬ್ಬರೇ. ಉಳಿದವರೆಲ್ಲ ಬದಲಾಗಿದ್ದರು. ಅಂದರೆ ನಾನು ಈ ಬ್ಯಾಂಡಿನ ಹೆಸರು ಕೇಳಿದ ಮೊದಲನೇ ರಾತ್ರಿಯೇ ಅದು ಎರಡು ಬ್ಯಾಂಡಾಗಿತ್ತು. ಅದಕ್ಕೇ ಇರಬೇಕು, "ಅಸಲಿ ಯೆಸ್" ಅಂತ ಯಾರಾದರೂ ಹೇಳಿದರೆ ನನಗೆ ಯಾವುದು ಅಂತಲೇ ಹೊಳೆಯುವುದಿಲ್ಲ.

ಆಮೇಲೆ ಅಣ್ಣನಿಗೂ ನನಗೂ ಜಗಳ. ಅವನು ಬಿ ಸೈಡ್, ನಾನು ಎ ಸೈಡ್. ಹಳೇ ಗಿಟಾರಿಸ್ಟ್ ಸ್ಟೀವ್ ಹೋವ್ ಇಲ್ಲದಿದ್ದರೆ ಏನೂ ಇಲ್ಲ ಅಂತ ಅವನು, ಹೊಸ ಗಿಟಾರಿಸ್ಟ್ ಟ್ರೆವರ್ ರೇಬಿನ್ ಬಂದಿದ್ದಕ್ಕೇ ಬ್ಯಾಂಡ್ ಉಳಿಯಿತು ಅಂತ ನಾನು. ಅಮೆರಿಕದಲ್ಲಿ ಮೊದಲನೇ ಸ್ಥಾನಕ್ಕೆ ಹೋದ ಅವರ ಒಂದೇ ಹಾಡು ಆ ಎ ಸೈಡಿನದ್ದು, 1984ರ ಜನವರಿಯಲ್ಲಿ. ಅದನ್ನೇ ಹಿಡಿದು ವಾದ ಮಾಡುತ್ತಿದ್ದೆ. ಒಂದು ದಿನ ಅಜ್ಜ ಕೆಳಗಿನಿಂದ ಕೂಗಿ ಏನು ಗಲಾಟೆ ಅಂತ ಕೇಳಿದರು. ಹೇಳಿದೆವು. ಅಜ್ಜ ಗುಬ್ಬಿಯವರು, ನಿನಗೆ ಗೊತ್ತಲ್ಲ. ಅವರು ಕೇಳಿದ್ದು ಇಷ್ಟೇ, "ಗುಬ್ಬಿ ಕಂಪನಿ ಯಾರದ್ದು?" ನಾವಿಬ್ಬರೂ ಒಟ್ಟಿಗೆ ವೀರಣ್ಣನವರದ್ದು ಅಂದೆವು. "ಕಂಪನಿ ಶುರುವಾಗಿದ್ದು 1884ರಲ್ಲಿ. ವೀರಣ್ಣ ಹುಟ್ಟಿದ್ದು 1891ರಲ್ಲಿ" ಅಂದರು.

ಪುಟ್ಟಾ, ಅವತ್ತು ನಾವಿಬ್ಬರೂ ಸುಮ್ನೆ ಆಗಿಬಿಟ್ಟೆವು. ವೀರಣ್ಣನವರು ಚಿಕ್ಕ ಹುಡುಗನಾಗಿ ಆ ಕಂಪನಿಗೆ ಸೇರಿದವರು, ಆಮೇಲೆ ಅದನ್ನು ವಹಿಸಿಕೊಂಡವರು. ಕುರುಕ್ಷೇತ್ರ ನಾಟಕಕ್ಕೆ ನಿಜವಾದ ಆನೆ, ಕುದುರೆ ತಂದು ನಿಲ್ಲಿಸಿದವರು. ರಾಜ್‌ಕುಮಾರ್, ನರಸಿಂಹರಾಜು, ಬಾಲಕೃಷ್ಣ, ಜಿ.ವಿ. ಅಯ್ಯರ್ ಎಲ್ಲ ಅಲ್ಲಿ ಬಂದು, ಇದ್ದು, ಹೋದರು. ಅಜ್ಜ ಒಂದೇ ನಾಟಕವನ್ನು ಬೇರೆ ಬೇರೆ ವರ್ಷ, ಬೇರೆ ಬೇರೆ ನಟರು ಮಾಡಿದ್ದನ್ನು ನೋಡಿದ್ದರು. ಹಳೇ ಪಾತ್ರಧಾರಿಯನ್ನು ನೆನೆಸಿಕೊಂಡು ಬೇಜಾರು ಮಾಡಿಕೊಂಡರೂ ಮರುದಿನ ಮತ್ತೆ ಹೋಗುತ್ತಿದ್ದರಂತೆ. ಹೊಸಬ ಹೇಗೆ ನಿಭಾಯಿಸುತ್ತಾನೆ ನೋಡಬೇಕಲ್ಲ ಅಂತ.

ಈಗ ನಿನ್ನ ಪ್ರಶ್ನೆಗೆ ಬರುತ್ತೇನೆ. ಶುರು ಮಾಡಿದವರು ಇಲ್ಲ ಅಂದೆ. ಆದರೆ ಹೊಸಬ ಅಂತ ನಾವು ಯಾರನ್ನು ಕರೆಯುತ್ತೇವೆ ನೋಡು. 1972ರಲ್ಲಿ ಆ ಬಿ ಸೈಡ್ ರೆಕಾರ್ಡಿಂಗ್ ಮುಗಿದ ತಕ್ಷಣ ಡ್ರಮ್ಮರ್ ಬಿಲ್ ಬ್ರುಫರ್ಡ್ ಬಿಟ್ಟು ಇನ್ನೊಂದು ಬ್ಯಾಂಡ್ ಕಿಂಗ್ ಕ್ರಿಮ್ಸನ್‌ಗೆ ಹೋದ. ಅಮೆರಿಕ ಪ್ರವಾಸ ಮುಂದಿದೆ, ಅಲನ್ ವೈಟ್ ಬಂದ. ಬೀಟಲ್ಸ್ ಖ್ಯಾತಿಯ ಜಾನ್ ಲೆನನ್ ಜೊತೆ ಬಾರಿಸಿದವನು ಅವನು. ಅಷ್ಟು ಕಷ್ಟದ ಹಾಡುಗಳನ್ನು ಕಲಿಯಲು ಅವನಿಗೆ ಸಿಕ್ಕಿದ್ದು ಮೂರೇ ದಿನ. ಆಗಿನ ಅಭಿಮಾನಿಗಳಿಗೆ ಅವನು ಬದಲಿ ಆಳು. ಆ ಬದಲಿ ಆಳು 2022ರಲ್ಲಿ ತೀರಿಕೊಳ್ಳುವ ತನಕ ಯೆಸ್‌ನಲ್ಲೇ ಇದ್ದ. ಐವತ್ತು ವರ್ಷ! ಮೊದಲಿನವನು ಇದ್ದಿದ್ದು ನಾಲ್ಕು ವರ್ಷ. ಈಗ ಬ್ಯಾಂಡನ್ನು ಹೊತ್ತುಕೊಂಡಿರುವ ಸ್ಟೀವ್ ಹೋವ್ ಕೂಡ ಮೊದಲಿನವನಲ್ಲ, 1970ರಲ್ಲಿ ಬಂದವನು. ಅವನಿಗೆ ಎಂಬತ್ತು ಹತ್ತಿರ ಬಂತು, ಇನ್ನೂ ಸ್ಟೇಜಿನ ಮೇಲೆ ನಿಂತು ನುಡಿಸುತ್ತಾನೆ. ಅದೊಂದಕ್ಕೇ ಟಿಕೆಟ್ ತೆಗೆಯಬಹುದು.

ಕೀಬೋರ್ಡಿನ ರಿಕ್ ವೇಕ್‌ಮನ್ ಎಷ್ಟು ಸಲ ಬಂದ, ಎಷ್ಟು ಸಲ ಹೋದ ಅಂತ ಹೇಳುತ್ತಾ ಕೂತರೆ ಮಧ್ಯಾಹ್ನ ಆಗುತ್ತದೆ. ಮೊದಲನೇ ಸಲ ಬಿಟ್ಟಿದ್ದರ ಹಿಂದೆ ನಮ್ಮ ದೇಶದ ಕತೆ ಇದೆ. 1973ರಲ್ಲಿ ಆಂಡರ್ಸನ್ ಪರಮಹಂಸ ಯೋಗಾನಂದರ ಆತ್ಮಕತೆ ಓದುತ್ತಿದ್ದ. ಅದರ ಒಂದು ಅಡಿಟಿಪ್ಪಣಿಯಲ್ಲಿ ಶ್ರುತಿ, ಸ್ಮೃತಿ, ಪುರಾಣ, ತಂತ್ರ ಅಂತ ನಾಲ್ಕು ಬಗೆಯ ಶಾಸ್ತ್ರಗಳ ಮಾತು ಬಂತು. ಅದನ್ನೇ ಹಿಡಿದು ನಾಲ್ಕು ಹಾಡು ಮಾಡಿದರು, ಒಂದೊಂದೂ ರೆಕಾರ್ಡಿನ ಒಂದು ಪೂರ್ತಿ ಸೈಡ್. ವೇಕ್‌ಮನ್‌ಗೆ ಅದು ಹಿಡಿಸಲೇ ಇಲ್ಲ, 1974ರಲ್ಲಿ ಬಿಟ್ಟುಹೋದ. ಆ ಆಲ್ಬಂ ಕೇಳಿದರೆ ನನಗೂ ಅಲ್ಲಲ್ಲಿ ಎಳೆದ ಹಾಗೆ ಅನಿಸುತ್ತದೆ. ಆದರೆ ನಾಲ್ಕನೇ ಸೈಡ್ ಮುಗಿಯುವ ಹೊತ್ತಿಗೆ ಕಣ್ಣು ತುಂಬಿ ಬರುತ್ತದೆ, ಪ್ರತೀ ಸಲ. ಅಣ್ಣನಿಗೂ ಹಾಗೇ, ಅವನು ಹೇಳುವುದಿಲ್ಲ ಅಷ್ಟೇ.

ಟ್ರೆವರ್ ಹಾರ್ನ್ ಕತೆ ಮಾತ್ರ ಬಿಡಲಾರೆ. 1980ರಲ್ಲಿ ಆಂಡರ್ಸನ್, ವೇಕ್‌ಮನ್ ಇಬ್ಬರೂ ಹೋದರು. ಆಗ ಬಗಲ್ಸ್ ಅಂತ ಪಾಪ್ ಹಾಡು ಮಾಡುತ್ತಿದ್ದ ಇಬ್ಬರು ಬಂದು ಸೇರಿದರು, ಹಾರ್ನ್ ಮತ್ತು ಜೆಫ್ ಡೌನ್ಸ್. ಹಾರ್ನ್ ಹಾಡಬೇಕು, ಅದೂ ಆಂಡರ್ಸನ್ ನಿಂತಿದ್ದ ಜಾಗದಲ್ಲಿ. ಬ್ರಿಟನ್‌ನಲ್ಲಿ ಜನ ಅವನನ್ನು ಕೂಗಾಡಿ ಗೋಳು ಹೊಯ್ದುಕೊಂಡರು. ಆ ಎತ್ತರದ ಸ್ವರ ದಿನಾ ಹಿಡಿಯುವುದು ಅವನಿಗೆ ಆಗಲಿಲ್ಲ. ಮುಂದಿನ ವರ್ಷ ಬ್ಯಾಂಡೇ ನಿಂತುಹೋಯಿತು. ಆಮೇಲೆ ನಾನು ತಾರಸಿ ಮೇಲೆ ಕುಣಿದೆನಲ್ಲ ಆ ಎ ಸೈಡ್, ಅದನ್ನು ಪ್ರೊಡ್ಯೂಸ್ ಮಾಡಿದ್ದು ಯಾರು? ಅದೇ ಹಾರ್ನ್. ಅಷ್ಟು ಬೈಸಿಕೊಂಡ ಬ್ಯಾಂಡಿಗೆ ವಾಪಸ್ ಬಂದು, ಸ್ಟುಡಿಯೋದ ಗಾಜಿನ ಹಿಂದೆ ಕೂತು, ಆಂಡರ್ಸನ್ ಕೈಲಿ ಹಾಡಿಸಿ ಅವರ ಎಲ್ಲಕ್ಕಿಂತ ದೊಡ್ಡ ಹಾಡು ತೆಗೆದ. ಅವನು ಹಾಡಿದ 1980ರ ಆಲ್ಬಂ ಕೂಡ ಈಗ ಕೇಳಿ ನೋಡು, ಚೆನ್ನಾಗಿದೆ, ತುಂಬಾ ಚೆನ್ನಾಗಿದೆ. ಅವತ್ತು ಕೂಗಿದವರಲ್ಲಿ ಎಷ್ಟೋ ಜನ ಇವತ್ತು ಅದನ್ನು ಹೊಗಳುತ್ತಾರೆ. ಡೌನ್ಸ್ ಈಗಲೂ ಬ್ಯಾಂಡಿನಲ್ಲಿದ್ದಾನೆ, ನೀನು ಹೋದರೆ ಕೀಬೋರ್ಡ್ ಮುಂದೆ ಅವನೇ ಇರುತ್ತಾನೆ.

ಎಲ್ಲ ಬದಲಾವಣೆಯೂ ಒಳ್ಳೆಯದೇ ಆಯಿತು ಅಂತ ನಾನು ಹೇಳುವುದಿಲ್ಲ. 1991ರಲ್ಲಿ ಹಳಬರು ಹೊಸಬರು ಸೇರಿ ಎಂಟು ಜನ ಒಂದೇ ಬ್ಯಾಂಡ್ ಆದರು. ತಿರುಗುವ ದುಂಡು ಸ್ಟೇಜಿನ ಮೇಲೆ ಎಂಟೂ ಜನ ನುಡಿಸಿದರಂತೆ, ಅದನ್ನು ನೋಡಿದವರು ಪುಣ್ಯವಂತರು. ಆಲ್ಬಂ ಮಾತ್ರ ಕೆಟ್ಟದಾಗಿತ್ತು. ಎಷ್ಟೋ ಕಡೆ ಅವರು ನುಡಿಸಬೇಕಾದ್ದನ್ನು ಹೊರಗಿನವರಿಂದ ನುಡಿಸಿ ತುಂಬಿಸಿದ್ದರು. ಕೇಳಿದಾಗ ಮೋಸ ಹೋದ ಹಾಗೆ ಅನಿಸಿತು.

ಮಾವಾ, ಈಗ ನಿಮ್ಮ ಮಾತು. ನಿಮ್ಮ ಸಂಕಟ ನನಗೆ ಚೆನ್ನಾಗಿ ಗೊತ್ತು, ನಾನೂ ಅದನ್ನು ಅನುಭವಿಸಿದ್ದೇನೆ. 2008ರಲ್ಲಿ ಆಂಡರ್ಸನ್‌ಗೆ ಉಸಿರಾಟದ ತೊಂದರೆ ಜಾಸ್ತಿ ಆಗಿ ಮಲಗಿದ್ದಾಗ ಬ್ಯಾಂಡ್ ಕಾಯಲಿಲ್ಲ. ಬೇರೆ ಹಾಡುಗಾರನನ್ನು ಕರೆದುಕೊಂಡು ಹೊರಟುಬಿಟ್ಟಿತು. ಆಂಡರ್ಸನ್‌ಗೂ ತುಂಬಾ ನೋವಾಗಿತ್ತು. ಅದು ಸರಿ ಅಂತ ನಾನು ಇವತ್ತೂ ಹೇಳುವುದಿಲ್ಲ. ನಾಲ್ಕು ವರ್ಷ ಹೊಸದೇನನ್ನೂ ಕೇಳಲಿಲ್ಲ ನಾನು. ಮನಸ್ಸು ಬರಲಿಲ್ಲ.

ಆದರೆ ಬಂದವರು ಯಾರು ಅಂತ ನೋಡಿ ಮಾವಾ. ಬೆನ್ವಾ ಡೇವಿಡ್ ಕೆನಡಾದವನು, ಯೆಸ್ ಹಾಡುಗಳನ್ನೇ ಹಾಡುವ ಅಭಿಮಾನಿಗಳ ತಂಡದಲ್ಲಿದ್ದ. ಯೂಟ್ಯೂಬ್‌ನಲ್ಲಿ ಅವನನ್ನು ನೋಡಿ ಕರೆದರು. 2012ರಿಂದ ಹಾಡುತ್ತಿರುವ ಜಾನ್ ಡೇವಿಸನ್ ಕೂಡ ಅಂಥದ್ದೇ ಇನ್ನೊಂದು ತಂಡದಲ್ಲಿ ಹಾಡಿದವನು. ಅಂದರೆ ನಮ್ಮ ಥರ ಕ್ಯಾಸೆಟ್ ತಿರುಗಿಸಿ ತಿರುಗಿಸಿ ಕೇಳಿದವರು ಹೋಗಿ ಸ್ಟೇಜಿನ ಮೇಲೆ ನಿಂತಿದ್ದಾರೆ. ಡೇವಿಸನ್ ದನಿಯಲ್ಲಿ ಆಂಡರ್ಸನ್ ದನಿಯ ಒಳಗಿನ ಬಿಸಿ ಪೂರ್ತಿ ಇಲ್ಲ, ಒಪ್ಪುತ್ತೇನೆ. ಆದರೆ ಹತ್ತು ವರ್ಷ ಸಂಗೀತ ಕಲಿತವಳು ನಾನು. ಆ ಮೇಲಿನ ಸ್ಥಾಯಿಯಲ್ಲಿ ಎರಡು ಗಂಟೆ, ದಿನ ಬಿಟ್ಟು ದಿನ, ಶ್ರುತಿ ತಪ್ಪದೆ ಹಾಡುವುದು ಎಂಥ ಕೆಲಸ ಅಂತ ನನಗೆ ಗೊತ್ತು. ಪ್ರೀತಿ ಇಲ್ಲದವನ ಕೈಲಿ ಅದು ಆಗುವುದಿಲ್ಲ. ಆಂಡರ್ಸನ್ ಕೂಡ ಎಂಬತ್ತು ದಾಟಿದ ಮೇಲೂ ಬೇರೆ ಹುಡುಗರನ್ನು ಕಟ್ಟಿಕೊಂಡು ಇದೇ ಹಳೇ ಹಾಡುಗಳನ್ನು ಹಾಡುತ್ತಿದ್ದಾನೆ. ನಾನು ಇಬ್ಬರದ್ದೂ ಕೇಳುತ್ತೇನೆ. ಒಂದು ಕಡೆ ಕೇಳಿದರೆ ಇನ್ನೊಂದು ಕಡೆ ದ್ರೋಹ ಅಂತ ನನಗೆ ಅನಿಸುವುದಿಲ್ಲ.

ಇನ್ನು ಸ್ಕ್ವೈರ್. ಇದನ್ನು ಹೇಳುವಾಗ ಗಂಟಲು ಕಟ್ಟುತ್ತದೆ, ಫೋನು ಏನು ಬರೆದುಕೊಳ್ಳುತ್ತದೋ. ಅವತ್ತು ಅಣ್ಣ ತಾರಸಿ ಮೇಲೆ ಕೇಳು ಅಂದನಲ್ಲ, ಆ ದಪ್ಪ ತಂತಿ, ಅದು ಅವನದ್ದು. ಬೇರೆಯವರ ಬಾಸ್ ಹಿಂದೆ ನಿಂತು ತಾಳಕ್ಕೆ ಆಸರೆ ಕೊಡುತ್ತದೆ, ಅವನದ್ದು ಮುಂದೆ ಬಂದು ಮಾತಾಡುತ್ತದೆ. ಅವನು ಬದುಕಿರುವ ತನಕ ಬಂದ ಯೆಸ್ ಆಲ್ಬಂಗಳಲ್ಲಿ ಪ್ರತಿಯೊಂದರಲ್ಲೂ ಇದ್ದವನು ಅವನೊಬ್ಬನೇ. 2015ರ ಜೂನ್ 27ಕ್ಕೆ ರಕ್ತದ ಕ್ಯಾನ್ಸರಿನಿಂದ ಹೋದ, 67 ವರ್ಷ. ಹೋಗುವ ಮುಂಚೆ ತನ್ನ ಜಾಗಕ್ಕೆ ಬಿಲ್ಲಿ ಶೆರ್ವುಡ್ ನಿಲ್ಲಲಿ, ಬ್ಯಾಂಡ್ ನಡೆಯಲಿ ಅಂತ ತಾನೇ ಹೇಳಿದ್ದ. ಅದೇ ಆಗಸ್ಟ್‌ನಲ್ಲಿ ಅವನಿಲ್ಲದ ಮೊದಲ ಕಾರ್ಯಕ್ರಮ. ಶುರುವಿನಲ್ಲಿ ಅವನ ಹಾಡಿನ ಟೇಪ್ ಹಾಕಿ, ಅವನ ಬಾಸ್ ಗಿಟಾರನ್ನು ಸ್ಟೇಜಿನ ಮೇಲೆ ನಿಲ್ಲಿಸಿ, ಅದರ ಮೇಲೆ ಮಾತ್ರ ಬೆಳಕು ಬಿಟ್ಟರು. ಆ ಪ್ರವಾಸದ ವಿಡಿಯೋ ಒಂದನ್ನು ಅಡುಗೆಮನೆಯಲ್ಲಿ ನಿಂತು ನೋಡಿದೆ, ಒಲೆ ಆರಿಸಿ. ಹಾಡು ಮುಗಿದ ಮೇಲೆ ಶೆರ್ವುಡ್ ಬಂದು ನುಡಿಸುತ್ತಾನಲ್ಲ, ಒಂದೊಂದು ಸ್ವರವೂ ಗುರುವಿನ ಮುಂದೆ ಒಪ್ಪಿಸುವ ಹಾಗೆ. ನಾಲ್ಕು ವರ್ಷ ಮುನಿಸಿಕೊಂಡಿದ್ದಕ್ಕೆ ಅವತ್ತು ನನಗೆ ಬೇಜಾರಾಯಿತು.

ಹೀಗೆ ಒಬ್ಬರು ಇನ್ನೊಬ್ಬರಿಗೆ ಬಿಟ್ಟುಕೊಡುವ ಈ ಜಾಗವನ್ನೇ ನೀನು ಬೋರ್ಡ್ ಅಂದೆ ನೋಡು, ಅದಕ್ಕೇ ಇಷ್ಟು ಮಾತಾಡಿದೆ.

ಈಗ ಕೆಲಸದ ಮಾತು. ಟಿಕೆಟ್ ತೆಗೆಯುವಾಗ ತೀರಾ ಹಿಂದೆ ಬೇಡ, ಹೋವ್ ಬೆರಳು ಕಾಣಬೇಕು. ದುಡ್ಡು ಕಡಿಮೆ ಬಿದ್ದರೆ ಹೇಳು, ಅರ್ಧ ನಾನು ಕಳಿಸುತ್ತೇನೆ, ಸಂಕೋಚ ಬೇಡ. ಹೋಗುವ ಮುಂಚೆ 1972ರ ಆ ಹದಿನೆಂಟು ನಿಮಿಷದ ಹಾಡನ್ನು ಎರಡು ಸಲ ಕೇಳಿಕೋ, ನುಡಿಸಿದರೆ ಗುರುತು ಸಿಗಲಿ. ಹಕ್ಕಿ ಕೂಗಿನಿಂದ ಶುರುವಾಗುತ್ತದೆ. ಅದು ಬಂದ ತಕ್ಷಣ ವಿಡಿಯೋ ಮಾಡುವುದೆಲ್ಲ ಬೇಡ, ಒಂದೇ ನಿಮಿಷ ನಿಮ್ಮಪ್ಪನಿಗೆ ಫೋನ್ ಮಾಡಿ ಹಿಡಿದುಕೋ. ಇಲ್ಲಿ ನಡುರಾತ್ರಿ ಆಗಿದ್ದರೂ ಪರವಾಗಿಲ್ಲ, ನಾನು ಅವತ್ತು ಅಣ್ಣನ ಮನೆಯಲ್ಲೇ ಮಲಗುತ್ತೇನೆ.