ಪಕ್ಕದ ಮನೆ ಹುಡುಗಿಯ ಗುಟ್ಟು: ಓದುಗರ ಸ್ಪಂದನ

(ಸ್ಯಾನ್ ಹೋಸೆಯ ಓದುಗರೊಬ್ಬರ ಪ್ರಶ್ನೆ: ಪಕ್ಕದ ಮನೆಯ ಮೆಕ್ಸಿಕನ್ ಹುಡುಗಿಗೆ ಇನ್ನು ನಾಲ್ಕು ತಿಂಗಳಿಗೆ 15 ತುಂಬುತ್ತದೆ. ಶಾಲೆಯ ಹುಡುಗನೊಬ್ಬನ ಮೇಲೆ ಮನಸ್ಸಾಗಿದೆ. ನನಗೆ ಮಾತ್ರ ಹೇಳಿದ್ದಾಳೆ. ಅವಳಮ್ಮ ನನ್ನ ಗೆಳತಿ. ಹೇಳಲೋ, ಬಿಡಲೋ?)

ಅಕ್ಕಾ, ನೀವಾಗಿ ಹೇಳಬೇಡಿ. ಲಾಸ್ ಏಂಜಲೀಸ್‌ನ ಬಾಯ್ಲ್ ಹೈಟ್ಸ್ ಕಡೆ ನಾನು ಟೀಚರ್. ಇಂಥ ಹುಡುಗಿಯರನ್ನು ದಿನಾ ನೋಡುತ್ತೇನೆ. ಆಸ್ಪತ್ರೆಯಲ್ಲಿ, ಬ್ಯಾಂಕಿನಲ್ಲಿ ಅಮ್ಮನ ಪರವಾಗಿ ಇಂಗ್ಲಿಷ್ ಮಾತಾಡುವವರು ಇವರೇ. ಅಮ್ಮನ ಶುಗರ್ ಎಷ್ಟಿದೆ ಅಂತ ಸ್ಪ್ಯಾನಿಷ್‌ನಲ್ಲಿ ಹೇಳಬಲ್ಲವಳಿಗೆ ತನ್ನ ಮನಸ್ಸಿನದು ಹೇಳಲು ಬಾಯಿ ಬರುವುದಿಲ್ಲ. ‘ನೋವಿಯೊ’ ಅಂದರೆ ಹಳೆ ಕಾಲದವರಿಗೆ ಸುಮ್ನೆ ಬಾಯ್‌ಫ್ರೆಂಡ್ ಅಲ್ಲ, ಮನೆಗೆ ಬಂದು ದೊಡ್ಡವರ ಒಪ್ಪಿಗೆ ಕೇಳಿದವನು. ಹುಡುಗಿ ಆ ಮಾತು ಆಡಿದರೆ ಅಮ್ಮನಿಗೆ ಮದುವೆಯೇ ಕೇಳಿಸುತ್ತದೆ. ಬರೀ ‘ಅಮೀಗೊ’ (ಗೆಳೆಯ) ಅಂತ ಹೇಳಿದರೆ ಅದು ಸುಳ್ಳಾಗುತ್ತದೆ.

15 ತುಂಬಿದರೆ ಕಿನ್ಸೆಅನ್ಯೇರಾ ಮಾಡುತ್ತಾರಲ್ವಾ? ಚರ್ಚಿನಲ್ಲಿ ಪ್ರಾರ್ಥನೆ, ಆಮೇಲೆ ಊಟ, ಕುಣಿತ. ಅಪ್ಪ ಮಗಳ ಕಾಲಿಗೆ ಮೊದಲ ಹೀಲ್ಸ್ ತೊಡಿಸುತ್ತಾರೆ (ನನಗೆ ಪ್ರತಿ ಸಲ ಕಣ್ಣು ತುಂಬುತ್ತದೆ). ಜೊತೆಗೆ ಕುಣಿಯುವ ಹುಡುಗರಿಗೆ ಚಾಂಬೆಲಾನ್ ಅನ್ನುತ್ತಾರೆ. ಅವರಲ್ಲಿ ಅವನನ್ನೂ ಸೇರಿಸಿಕೊಳ್ಳಲಿ. ವಾಲ್ಟ್ಸ್ ಪ್ರಾಕ್ಟೀಸ್ ವಾರಗಟ್ಟಲೆ ಇರುತ್ತದೆ. ಅಮ್ಮನೇ ಕಣ್ಣಾರೆ ನೋಡಲಿ. ಉಳಿದದ್ದು ಅವಳಿಗೆ ಗೊತ್ತಾಗದೇ ಇರುತ್ತದೆಯೇ?
– ಟೀಚರ್, ಲಾಸ್ ಏಂಜಲೀಸ್

ಹೇಳಿಬಿಡಿ. ನನ್ನ ಮಗಳ ಗುಟ್ಟು ಪಕ್ಕದ ಮನೆಯವರಿಗೆ ಗೊತ್ತಿತ್ತು, ನನಗೆ ಗೊತ್ತಿರಲಿಲ್ಲ. 9 ವರ್ಷವಾಯಿತು. ಅವರ ಮನೆ ಕಾಫಿ ನನಗೆ ಇನ್ನೂ ರುಚಿಸುವುದಿಲ್ಲ.
– ಒಬ್ಬ ತಾಯಿ, ಮೈಸೂರು

ಹುಡುಗನ ವಯಸ್ಸು ನೀವು ಬರೆದೇ ಇಲ್ಲ. ಅವಳ ಓರಗೆಯವನಾದರೆ ಟೀಚರ್ ಹೇಳಿದ್ದು ಸರಿ. 18, 19 ಆಗಿದ್ದರೆ ಅವತ್ತೇ ಅಮ್ಮನಿಗೆ ಹೇಳಿ, ಗುಟ್ಟು ಗಿಟ್ಟು ನೋಡಬೇಡಿ. ಇನ್ನೊಂದು ವಿಷಯ: ಕ್ಯಾಲಿಫೋರ್ನಿಯಾದಲ್ಲಿ ಗರ್ಭನಿರೋಧಕದ ಸಲಹೆ ಪಡೆಯಲು ಈ ವಯಸ್ಸಿನವರಿಗೂ ಅಪ್ಪ ಅಮ್ಮನ ಒಪ್ಪಿಗೆ ಬೇಕಿಲ್ಲ. ಅಲ್ಲಿಯವರೆಗೆ ಹೋಗಿಲ್ಲದಿರಬಹುದು. ಆದರೂ ಹುಡುಗಿಗೆ ತಿಳಿದಿರಲಿ.
– ನರ್ಸ್, ಫ್ರೆಸ್ನೊ

ನನ್ನ ರೂಂಮೇಟ್‌ನ ಅಪ್ಪ ಅಮ್ಮ ಎಲ್ ಸಾಲ್ವಡಾರ್‌ನವರು. 15ರಲ್ಲಿ ಅವಳಿಗೊಬ್ಬ ‘ತೆ ಕಿಯೆರೊ’ ಅಂದನಂತೆ. ‘ತೆ ಆಮೊ’ ಅನ್ನಲಿಲ್ಲವಂತೆ. ಎರಡಕ್ಕೂ ಪ್ರೀತಿ ಅಂತಲೇ ಅರ್ಥ, ಎರಡನೆಯದಕ್ಕೆ ಭಾರ ಜಾಸ್ತಿ. ಯಾಕೆ ಅನ್ನಲಿಲ್ಲ ಅಂತ ಒಂದು ವಾರ ಪಕ್ಕದ ಮನೆ ಆಂಟಿಯ ತಲೆ ತಿಂದಳಂತೆ. ಆ ಹುಡುಗ ಈಗ ಎಲ್ಲಿದ್ದಾನೋ ಅವಳಿಗೂ ಗೊತ್ತಿಲ್ಲ. ಆಂಟಿಗೆ ಮಾತ್ರ ಪ್ರತಿ ಭಾನುವಾರ ಫೋನ್ ಮಾಡುತ್ತಾಳೆ.
– ವಿದ್ಯಾರ್ಥಿನಿ, ಹ್ಯೂಸ್ಟನ್