ವಾರದ ಸಮಸ್ಯೆ: ಗೆದ್ದವನೆ ಬರಿಗೈಲಿ ಮನೆಗೆ ಬಂದ

ಮಳೆಗಾಲ:
ಎಲ್ರಿಗೂ ನಮಸ್ಕಾರ. ಇಲ್ಲಿ ಹೊಸನಗರದ ಕಡೆ ನಾಲ್ಕು ದಿನದಿಂದ ಮಳೆ ಜಡಿ ಹಿಡಿದು ಕೂತಿದೆ, ಬೆಳಗ್ಗೆ ಹೋದ ಕರೆಂಟು ಈಗ ಬಂತು, ಮತ್ತೆ ಹೋಗೋದ್ರೊಳಗೆ ಈ ವಾರದ ಸಮಸ್ಯೆ ಹಾಕ್ಬಿಡ್ತೀನಿ. ಹೊಸಬರಿಗೆ ಒಂದು ಮಾತು, ಸಮಸ್ಯೆ ಅಂದ್ರೆ ಪದ್ಯದ ಕೊನೇ ಸಾಲು ನಾನು ಕೊಡೋದು, ಅದಕ್ಕೆ ಹೊಂದೋ ಹಂಗೆ ಮೇಲಿನ ಮೂರು ಸಾಲು ನೀವು ಕಟ್ಟೋದು. ವಿಷಯ ದುರಾಸೆ. ಪುರಾಣ, ಧರ್ಮ, ಆಟ, ಕತೆ, ಎಲ್ಲಿಂದ ಬೇಕಾದ್ರೂ ತನ್ನಿ. ಸಾಲು ಇದು:

ಗೆದ್ದವನೆ ಬರಿಗೈಲಿ ಮನೆಗೆ ಬಂದ

ಐದೈದು ಮಾತ್ರೆಯ (ಉಚ್ಚಾರದ ಅಳತೆ) ಗಣ (ಗುಂಪು), ಚೌಪದಿ ಅಂದ್ರೆ ನಾಲ್ಕು ಸಾಲು, ಮಂಕುತಿಮ್ಮನ ಕಗ್ಗದ ನಡೆ. ಒಂದು ಮತ್ತು ಮೂರನೇ ಸಾಲಿಗೆ ಪೂರ್ತಿ ನಾಲ್ಕು ಗಣ, ಎರಡು ಮತ್ತು ನಾಲ್ಕಕ್ಕೆ ಮೂರು ಗಣ ಆಗಿ ಕೊನೇಲಿ ಒಂದಕ್ಷರ ಉಳಿಯುತ್ತೆ. ಆದಿಪ್ರಾಸ, ಅಂದ್ರೆ ಪ್ರತಿ ಸಾಲಿನ ಎರಡನೇ ಅಕ್ಷರದ ವ್ಯಂಜನ, ದ್ದ, ತಪ್ಪಿಸೋ ಹಂಗಿಲ್ಲ.

ಈ ಸಾಲು ನಂದಲ್ಲ, ನಮ್ಮ ದೊಡ್ಡಮ್ಮಂದು. ಕತೆ ಹೇಳ್ಬಿಡ್ತೀನಿ. ದೊಡ್ಡಪ್ಪನೂ ಪಕ್ಕದ ತೋಟದವರೂ ಒಂದ್ಸಲ ಪಂಥ ಕಟ್ಟಿದ್ರು, ಈ ವರ್ಷ ರಾಶಿಯಡಿಕೆಗೆ ಯಾರು ಹೆಚ್ಚು ರೇಟು ಹೊಡೀತಾರೆ ಅಂತ. ಪಕ್ಕದವರು ಕೈಸಾಲ ತೀರಿಸ್ಬೇಕು ಅಂತ ಬೇಗ ಕೊಟ್ರು. ದೊಡ್ಡಪ್ಪ ಶಿವಮೊಗ್ಗದ ಮಂಡೀಲಿ ಚೀಲ ಇಳಿಸಿ, ಅಲ್ಲಿಂದ ಫೋನ್ ಬಂದಾಗೆಲ್ಲ ಇನ್ನೊಂದು ಸಾವಿರ ಏರ್ಲಿ, ಇನ್ನೊಂದು ಸಾವಿರ ಏರ್ಲಿ ಅಂತಾನೇ ಇದ್ರು. ಏರಿ, ಇಳಿದು, ಮತ್ತೆ ಸ್ವಲ್ಪ ಏರಿ, ಅಂತೂ ಒಂದೂವರೆ ವರ್ಷ ಆದ್ಮೇಲೆ ಪಕ್ಕದವರಿಗಿಂತ ಕ್ವಿಂಟಾಲಿಗೆ ಮುನ್ನೂರು ರೂಪಾಯಿ ಜಾಸ್ತಿಗೆ ಹೋಯ್ತು. ಪಂಥ ಗೆದ್ರು. ಅಷ್ಟರಲ್ಲಿ ಅದೇ ಅಡಿಕೆ ಮೇಲೆ ತಗೊಂಡಿದ್ದ ಮುಂಗಡ, ಅದರ ಬಡ್ಡಿ ಎಲ್ಲ ಮುರ್ಕೊಂಡ್ರೆ ಕೈಗೆ ಏನೂ ಇಲ್ಲ. ಕೊಡೆ ಮಡಚಿ ಜಗಲಿ ಹತ್ತಿದ್ರು, ಕೈಯಲ್ಲಿ ಒಂದು ಖಾರ ಮಂಡಕ್ಕಿ ಪೊಟ್ಟಣ. ದೊಡ್ಡಮ್ಮ ಬಾಗಿಲಲ್ಲೇ ನಿಂತು "ಗೆದ್ದವರೇ ಬರಿಗೈಲಿ ಬಂದ್ರಲ್ಲ" ಅಂದ್ರು. ನಾನು ಅದನ್ನ ಏಕವಚನಕ್ಕೆ ಇಳಿಸಿದ್ದು ಛಂದಸ್ಸಿಗೋಸ್ಕರ ಮಾತ್ರ.

ನಿವೃತ್ತ ಮಾಷ್ಟ್ರು:
ನಿಮ್ಮ ದೊಡ್ಡಪ್ಪಂದು ಪಂಚತಂತ್ರದ ಕತೆನೇ. ನಾಲ್ಕು ಜನ ಬಡ ಬ್ರಾಹ್ಮಣರು ನಿಧಿ ಹುಡುಕ್ಕೊಂಡು ಹೊರಟಿದ್ದು, ಒಬ್ಬಂಗೆ ತಾಮ್ರ, ಒಬ್ಬಂಗೆ ಬೆಳ್ಳಿ, ಒಬ್ಬಂಗೆ ಚಿನ್ನ ಸಿಕ್ತು, ನಾಲ್ಕನೆಯವನು ಮುಂದೆ ಹೋದ್ರೆ ರತ್ನ ಇರ್ಬೇಕು ಅಂತ ಹೋಗಿ ತಲೆ ಮೇಲೆ ತಿರುಗೋ ಚಕ್ರ ಹೊತ್ಕೊಂಡ. ನಿಮ್ಮವರಿಗೆ ಮಂಡಕ್ಕಿಯಾದ್ರೂ ಸಿಕ್ತಲ್ಲ. ಪದ್ಯ ಸಂಜೆ ಹಾಕ್ತೇನೆ, ತೋಟಕ್ಕೆ ಔಷಧಿ ಹೊಡೆಸ್ತಾ ಇದೇನೆ.

ತೀರ್ಥಹಳ್ಳಿ ಹೈದ:
ಬೋಣಿ ನಂದೇ.

ನಿದ್ದೆಗೆಟ್ಟಾಡಿದನು ಮೊಬೈಲಿನಲಿ ರಮ್ಮಿಯನು
ಗೆದ್ದು ಹಾಕಿದ ಮತ್ತೆ ಗೆದ್ದುದನ್ನೇ
ಎದ್ದು ನೋಡಿದರಿಲ್ಲ ತೋಟದಡಿಕೆಯ ದುಡ್ಡು
ಗೆದ್ದವನೆ ಬರಿಗೈಲಿ ಮನೆಗೆ ಬಂದ

ಗುರುಲಘು:
ಮೊಬೈಲಿನಲಿ ಎಣಿಸು ಮಾರಾಯ. ಮೊ ಒಂದು, ಬೈ ಎರಡು, ಲಿ ನ ಲಿ ಮೂರು, ಒಟ್ಟು ಆರು. ಒಂದು ಮಾತ್ರೆ ಹೆಚ್ಚು. ದುರಾಸೆ ಬಗ್ಗೆ ಬರೆಯೋಕೆ ಹೋಗಿ ಗಣದಲ್ಲೇ ದುರಾಸೆ ಮಾಡಿದ್ಯಲ್ಲ.

ತೀರ್ಥಹಳ್ಳಿ ಹೈದ:
ಹೌದಲ್ವಾ, ಓದುವಾಗ ಗೊತ್ತೇ ಆಗ್ಲಿಲ್ಲ. "ಫೋನಿನಲಿ ರಮ್ಮಿಯನು" ಅಂತ ಮಾಡ್ಕೊಳಿ. ಅಂದಹಾಗೆ ಇದು ಕಣ್ಣಾರೆ ಕಂಡಿದ್ದು, ನಮ್ಮ ಹಾಸ್ಟೆಲಲ್ಲಿ ಒಬ್ಬ ಗೆದ್ದಾಗೆಲ್ಲ ಎಲ್ರಿಗೂ ಗೋಬಿ ಕೊಡಿಸ್ತಿದ್ದ, ಸೋತಾಗ ಹೇಳ್ತಾನೇ ಇರ್ಲಿಲ್ಲ, ಹಂಗಾಗಿ ನಮಗೆಲ್ಲ ಅವನು ಬರೀ ಗೆಲ್ಲೋನೇ ಅನ್ಸಿತ್ತು. 2025ರ ಆಗಸ್ಟಲ್ಲಿ ಕೇಂದ್ರದ ಕಾನೂನು ಬಂದು ದುಡ್ಡಿಟ್ಟು ಆಡೋ ಆನ್‌ಲೈನ್ ಆಟಕ್ಕೆಲ್ಲ ನಿಷೇಧ ಆಯ್ತಲ್ಲ, ಅವತ್ತು ಅವನೇ ಎಲ್ರಿಗಿಂತ ಖುಷಿಪಟ್ಟಿದ್ದು. ನನ್ನ ತಮ್ಮಂದು ಇನ್ನೊಂದು ಥರ, ಅವನು ಆಡೋದ್ರಲ್ಲಿ ದುಡ್ಡು ಕೊಟ್ಟು ಮುಚ್ಚಿದ ಪೆಟ್ಟಿಗೆ ತಗೋಬೇಕು, ಒಳಗೆ ಏನಿದೆ ಅಂತ ಒಡೆದ್ಮೇಲೇ ಗೊತ್ತಾಗೋದು. ಬೆಲ್ಜಿಯಂನಲ್ಲಿ 2018ರಲ್ಲೇ ಅಂಥದ್ದನ್ನ ಜೂಜು ಅಂದ್ಬಿಟ್ರು. ನಮ್ಮನೇಲಿ ಅಮ್ಮ ಅದಕ್ಕೂ ಮೊದ್ಲೇ ಅಂದಿದ್ರು.

ಸಾಗರದ ಸೊಸೆ:
ನನ್ನದು ಮಕ್ಕಳ ಆಟದ್ದು. ರಜೆ, ಮಳೆ, ಮನೆ ತುಂಬಾ ಮಕ್ಕಳು, ಬಿಸಿನೆಸ್ ಆಟದ ಡಬ್ಬಿ ಅಟ್ಟದಿಂದ ಇಳಿದಿದೆ.

ಮುದ್ದು ಮಗನಾಡಿದನು ಬಿಸಿನೆಸ್ಸು ಗೆಳೆಯರಲಿ
ಗುದ್ದಾಡಿ ಬೊಂಬಾಯಿ ಕೊಂಡುಬಿಟ್ಟ
ಎದ್ದಮೇಲಾ ನೋಟು ಡಬ್ಬಿಯೊಳಗುಳಿದಿರಲು
ಗೆದ್ದವನೆ ಬರಿಗೈಲಿ ಮನೆಗೆ ಬಂದ

ಮಳೆಗಾಲ:
ಆಹಾ ಅಕ್ಕ, ಬೊಂಬಾಯಿ ಚೆನ್ನಾಗಿ ಕೂತಿದೆ. ಈ ಆಟದ ಹುಟ್ಟಿನ ಕತೆ ಇದಕ್ಕಿಂತ ಒಂದು ಕೈ ಮೇಲೆ. ಅಮೆರಿಕದ ಲಿಜ್ಜಿ ಮ್ಯಾಗಿ ಅನ್ನೋ ಹೆಣ್ಮಗಳು 1904ರಲ್ಲಿ ಪೇಟೆಂಟ್ ತಗೊಂಡಿದ್ದು, ಭೂಮಿಯೆಲ್ಲ ಕೆಲವರ ಕೈಗೇ ಸೇರಿದ್ರೆ ಬಾಡಿಗೆ ಕಟ್ಟೋರ ಗತಿ ಏನಾಗುತ್ತೆ ಅಂತ ತೋರ್ಸೋಕೆ. ಅಂದ್ರೆ ದುರಾಸೆ ಬೇಡ ಅಂತ ಹೇಳೋ ಆಟ. 1935ರಲ್ಲಿ ಪಾರ್ಕರ್ ಬ್ರದರ್ಸ್ ಕಂಪನಿ ಮೊನಾಪಲಿ ಅಂತ ಮಾರೋಕೆ ಶುರು ಮಾಡ್ತು, ಆಕೆಯ ಪೇಟೆಂಟನ್ನ 500 ಡಾಲರಿಗೆ ತಗೊಂಡಿದ್ರು, ಆಮೇಲೆ ಮಾರಿದ ಒಂದೊಂದು ಡಬ್ಬಿಗೂ ಆಕೆಗೆ ಪಾಲಿಲ್ಲ. ಗೆದ್ದವಳೆ ಬರಿಗೈಲಿ ಅಂತ ತಿದ್ದಿದ್ರೆ ಮಾತ್ರೆಯೂ ಕೆಡಲ್ಲ, ನೋಡಿ.

ಸಾಗರದ ಸೊಸೆ:
ನಮ್ಮ ಅಜ್ಜಿ ಮನೇಲಿ ವೈಕುಂಠ ಏಕಾದಶಿ ಜಾಗರಣೆಗೆ ಪರಮಪದ ಸೋಪಾನ ಪಟ ಹಾಸ್ತಿದ್ರು. ಹಾವಿಗೊಂದೊಂದು ಹೆಸರು, ಕಾಮ, ಕ್ರೋಧ, ಲೋಭ ಅಂತ. ನಂಗೆ ಯಾವಾಗ್ಲೂ ಕಚ್ಚೋದು ಲೋಭದ ಹಾವೇ, ಅಜ್ಜಿ "ಹೋಳಿಗೆ ಇನ್ನೊಂದು ಬೇಕು ಅಂದ್ಯಲ್ಲ ಮಧ್ಯಾಹ್ನ" ಅಂತ ನಗೋರು. ಏಣಿಗಿಂತ ಹಾವೇ ಜಾಸ್ತಿ ಇದ್ದ ಪಟ ಅದು. ಈಗ ಅಂಗಡೀಲಿ ಸಿಗೋ ಹಾವು ಏಣೀಲಿ ಹಾವಿಗೆ ಹೆಸರೇ ಇಲ್ಲ, ಯಾಕೆ ಕಚ್ತು ಅಂತ ಮಕ್ಕಳಿಗೆ ಹೇಳೋದು ಹೆಂಗೆ.

ಗುರುಲಘು:
ಎಲ್ರೂ ತಮಾಷೆಗೇ ಹೋದ್ರಿ. ಇಲ್ಲೊಂದು ಗಂಭೀರ.

ಇದ್ದ ಬಂಧುಗಳೆಲ್ಲ ರಣದೊಳಗೆ ಮಡಿದಿರಲು
ಗದ್ದುಗೆಯು ದೊರೆತೇನು, ಯಾರ ಮುಂದೆ?
ಗೆದ್ದೆನೆನ್ನಲು ನಾಚಿ ಧರ್ಮಜನು ತಲೆ ತಗ್ಗಿ
ಗೆದ್ದವನೆ ಬರಿಗೈಲಿ ಮನೆಗೆ ಬಂದ

ಉಂಬಳ:
ಪದ್ಯ ಸೈ, ಆದ್ರೆ ವಿಷಯ ದುರಾಸೆ ಅಲ್ದಾ? ಇಲ್ಲಿರೋದು ದುಃಖ. ಜೂಜಾಡಿದಾಗಿನ ಧರ್ಮರಾಯನ ಮೇಲೆ ಬರೆದಿದ್ರೆ ಒಪ್ತಿದ್ದೆ, ಎಲ್ಲ ಹೋಗಿ ವಾಪಸ್ ಸಿಕ್ಕಿದ್ಮೇಲೂ ಎರಡನೇ ಸಲ ಕರೆದ್ರು ಅಂತ ಮತ್ತೆ ಹೋಗಿ ಕೂತ್ನಲ್ಲ ಆ ಪುಣ್ಯಾತ್ಮ.

ಗುರುಲಘು:
ಗೀತೆಯ ಮೊದಲನೇ ಅಧ್ಯಾಯ ತೆಗೆದು ನೋಡು. ಅರ್ಜುನನೇ ಅಂತಾನೆ, "ಯದ್ರಾಜ್ಯಸುಖಲೋಭೇನ ಹಂತುಂ ಸ್ವಜನಮುದ್ಯತಾಃ". ರಾಜ್ಯಸುಖದ ಲೋಭಕ್ಕೆ ನಮ್ಮವರನ್ನೇ ಕೊಲ್ಲೋಕೆ ಹೊರಟಿದೀವಲ್ಲ ಅಂತ. ಲೋಭ ಅನ್ನೋ ಪದವೇ ಇದೆ. ಆಮೇಲೆ ಹದಿನಾರರಲ್ಲಿ ಕೃಷ್ಣನೂ ನರಕಕ್ಕೆ ಮೂರು ಬಾಗಿಲು, ಕಾಮ ಕ್ರೋಧ ಲೋಭ ಅಂತಾನೆ. ಇನ್ನೇನ್ ಬೇಕು ನಿಂಗೆ.

ಉಂಬಳ:
ಸೋತೆ. ಕೈಯಲ್ಲಿ ಏನೂ ಇಲ್ಲ, ಬರಿಗೈಲೇ ಇದೀನಿ. ನನ್ನದೂ ಒಂದು ಹಾಕ್ತೀನಿ, ಬೈಬೇಡಿ.

ಬುದ್ಧನಾದವ ಮತ್ತೆ ತಂದೆಯೂರಿಗೆ ನಡೆದ
ಗೆದ್ದು ಮಾರನ ಪಡೆಯ ಪಾತ್ರೆ ಹಿಡಿದು
ಎದ್ದು ನಿಂತಿತು ಶಾಕ್ಯ ಕುಲವೆಲ್ಲ ಬೆರಗಾಗಿ
ಗೆದ್ದವನೆ ಬರಿಗೈಲಿ ಮನೆಗೆ ಬಂದ

ಗುರುಲಘು:
ಬುದ್ಧ ದ್ಧ, ಉಳಿದದ್ದು ದ್ದ. ಪ್ರಾಸ ಹೋಯ್ತು. ಜತೆಗೆ ಕೈಯಲ್ಲಿ ಪಾತ್ರೆ ಇದ್ಮೇಲೆ ಬರಿಗೈ ಹೆಂಗೆ?

ಉಂಬಳ:
ವರ್ಗಪ್ರಾಸ ಅಂತ ಒಂದಿದೆ ಸ್ವಾಮಿ, ಎರಡೂ ತ ವರ್ಗ. ಪಾತ್ರೆ ಖಾಲಿ ಇತ್ತು.

ನಿವೃತ್ತ ಮಾಷ್ಟ್ರು:
ಔಷಧಿ ಹೊಡೆದು ಮುಗೀತು, ಮೈಯೆಲ್ಲ ಮೈಲುತುತ್ತದ ನೀಲಿ. ವರ್ಗಪ್ರಾಸ ಹಳಬರು ಒಪ್ಪಿದಾರೆ, ಪಾಪದ ಹುಡುಗ, ಬಿಟ್ಬಿಡಿ. ನಾನು ತರ್ತಾ ಇರೋದು ರಷ್ಯದಿಂದ. ಟಾಲ್‌ಸ್ಟಾಯ್ 1886ರಲ್ಲಿ ಬರೆದ ಕತೆ, ಪಾಹೋಮ್ ಅಂತ ಒಬ್ಬ ರೈತ. ಸಾವಿರ ರೂಬಲ್ ಕೊಟ್ರೆ ಒಂದು ದಿನದಲ್ಲಿ ನಡೆದು ಸುತ್ತು ಹಾಕಿದಷ್ಟೂ ಜಮೀನು ನಿಂದೇ, ಆದ್ರೆ ಹೊತ್ತು ಮುಳುಗೋದ್ರೊಳಗೆ ಹೊರಟಲ್ಲಿಗೇ ವಾಪಸ್ ಬರ್ಬೇಕು. ಅಲ್ಲೊಂದು ಚೆನ್ನಾಗಿರೋ ತಗ್ಗು ಕಾಣುತ್ತೆ, ಅದನ್ನೂ ಸೇರಿಸ್ಕೊಳ್ಳೋಣ ಅಂತ ಸುತ್ತು ದೊಡ್ಡದು ಮಾಡ್ತಾನೆ. ಜಮೀನಿದ್ದವರಿಗೆ ಆ ಜಾಗ ಓದುವಾಗ ಮೈ ಜುಂ ಅನ್ನುತ್ತೆ, ಬೇಲಿ ಆಚೆ ಗೂಟ ಇಡದೇ ಇದ್ದವರು ನಮ್ಮೂರಲ್ಲಿ ಯಾರಿದಾರೆ ಹೇಳಿ, ನಾನೂ ಸೇರಿ.

ಗದ್ದೆಯಾಸೆಗೆ ಬಿದ್ದು ಹಗಲೆಲ್ಲ ಓಡಿದನು
ಹದ್ದು ಮೀರಿತು ಕಾಲು ಹೊತ್ತು ಮುಳುಗೆ
ಬಿದ್ದೆಡೆಯೊಳಾರಡಿಯ ಮನೆಯ ತೋಡಿದನಾಳು
ಗೆದ್ದವನೆ ಬರಿಗೈಲಿ ಮನೆಗೆ ಬಂದ

ತೀರ್ಥಹಳ್ಳಿ ಹೈದ:
ಮಾಷ್ಟ್ರೆ, ಸತ್ತವನು ಮನೆಗೆ ಎಲ್ಲಿ ಬಂದ?

ಸಾಗರದ ಸೊಸೆ:
ಮೂರನೇ ಸಾಲು ಇನ್ನೊಂದ್ಸಲ ಓದು ತಮ್ಮಾ. ಆರಡಿಯ ಮನೆ.

ತೀರ್ಥಹಳ್ಳಿ ಹೈದ:
ಅಯ್ಯೋ. ಈಗ ಹೊಳೀತು. ಮೈ ತಣ್ಣಗಾಯ್ತು ಮಾರಾಯ್ರೆ.

ಬಳ್ಳಿಗಾವಿ ಬದಿ:
ಲೇಟಾಯ್ತು ನಾನು. ಎಲ್ರೂ "ಗೆದ್ದವನೆ" ಅಂದ್ರೆ ಆಟ ಗೆದ್ದವನು, ಯುದ್ಧ ಗೆದ್ದವನು ಅಂತಾನೇ ಹಿಡಿದಿದೀರಿ. ಏನನ್ನ ಗೆದ್ದ ಅನ್ನೋದು ಸಾಲಲ್ಲಿ ಹೇಳೇ ಇಲ್ಲವಲ್ಲ. ಆಯ್ದಕ್ಕಿ ಮಾರಯ್ಯ ಕಲ್ಯಾಣದಲ್ಲಿ ಬಿದ್ದ ಅಕ್ಕಿ ಆಯ್ಕೊಂಡು ಬಂದು ದಾಸೋಹ ಮಾಡ್ತಿದ್ದ ಶರಣ, ಒಂದಿನ ದಿನದ ಲೆಕ್ಕಕ್ಕಿಂತ ಹೆಚ್ಚಿಗೆ ತಂದ. ಹೆಂಡತಿ ಲಕ್ಕಮ್ಮ "ಈಸಕ್ಕಿಯಾಸೆ ನಿಮಗೇಕೆ" ಅಂತ ಕೇಳಿ, ತಂದಲ್ಲೇ ಸುರಿದು ಬನ್ನಿ ಅಂದ್ಬಿಟ್ಳು.

ಬಿದ್ದಕ್ಕಿಯನೆ ಹೆಚ್ಚು ಕಟ್ಟಿ ತಂದನು ಗಂಡ
ಗದ್ದರಿಸಿದಳು ಲಕ್ಕ, "ಸುರಿದು ಬನ್ನಿ"
ಸದ್ದಿಲ್ಲದಲೆ ಸುರಿದು ಲೋಭವನು ಮಾರಯ್ಯ
ಗೆದ್ದವನೆ ಬರಿಗೈಲಿ ಮನೆಗೆ ಬಂದ

ಗುರುಲಘು:
ಲೋಭವನು ಗೆದ್ದವನೆ! ಮೂರನೇ ಸಾಲಿನ ಕರ್ಮಪದ ನಾಲ್ಕಕ್ಕೆ ಹೋಗಿ ಕೂತ್ಕೊಳ್ತು. ನಾನು ಎಣಿಸೋದನ್ನೇ ಮರೆತೆ. ಈಗ ಎಣಿಸಿದೆ, ಸರಿ ಇದೆ.

ಮಳೆಗಾಲ:
ಅಲ್ಲಮ ಹುಟ್ಟಿದ ಊರಿನ ಹೆಸರಿಟ್ಕೊಂಡು ಬರೆದ್ರೆ ಇಷ್ಟಾದ್ರೂ ಬರ್ಬೇಕಲ್ಲ. ಹೊನ್ನು ಮಾಯೆಯಲ್ಲ, ಹೆಣ್ಣು ಮಾಯೆಯಲ್ಲ, ಮಣ್ಣು ಮಾಯೆಯಲ್ಲ, ಮನದ ಮುಂದಣ ಆಸೆಯೇ ಮಾಯೆ ಅಂದೋರು ಅವ್ರು. ನಮ್ಮ ಹೊಂಬುಜದ ಕಡೆ ಜೈನರ ಲೆಕ್ಕ ಕೇಳಿದ್ರೆ ಇನ್ನೂ ಭಯ ಆಗುತ್ತೆ. ಆತ್ಮ ಹತ್ತೋ ಮೆಟ್ಟಿಲು 14, ಗುಣಸ್ಥಾನ ಅಂತಾರೆ. 10ನೇ ಮೆಟ್ಟಿಲಿಗೆ ಹೋಗೋ ಹೊತ್ತಿಗೆ ಕ್ರೋಧ, ಮಾನ, ಮಾಯೆ ಎಲ್ಲ ಅಡಗಿರುತ್ತೆ, ಸೂಕ್ಷ್ಮವಾಗಿ ಲೋಭ ಒಂದು ಮಾತ್ರ ಉಳ್ಕೊಂಡಿರುತ್ತಂತೆ. ಉಂಬಳದ (ಜಿಗಣೆ) ಥರ. ಕೊಳೆ ಎಲ್ಲ ತೊಳೆದು ಬಚ್ಚಲಿಂದ ಬಂದ್ಮೇಲೂ ಬೆರಳ ಸಂದೀಲಿ ಒಂದು ಇದ್ದೇ ಇರುತ್ತಲ್ಲ.

ಉಂಬಳ:
ನನ್ನ ಹೆಸರು ಎಳೆದ್ರಿ. ಉಂಬಳಕ್ಕೆ ದುರಾಸೆ ಇಲ್ಲ ಸ್ವಾಮಿ, ಹೊಟ್ಟೆ ತುಂಬಿದ ಕೂಡ್ಲೇ ತಾನೇ ಬಿಟ್ಟು ಬೀಳುತ್ತೆ. ಇನ್ನೊಂದು ಸಾವಿರ ಏರ್ಲಿ ಅನ್ನಲ್ಲ.

ನಿವೃತ್ತ ಮಾಷ್ಟ್ರು:
ಸ್ನಾನ ಮಾಡ್ತಾ ಇರುವಾಗ ಇನ್ನೊಂದು ಹೊಳೀತು. ನನಗೂ ಒಂದಕ್ಕೆ ಸಾಕಾಗಲ್ಲ ಅಂತಾಯ್ತು. ಗುಡುಗಿಗೆ ಎದ್ದ ಅಣಬೆ ಕಂಡವರಿಗೆ ಇದು ಅರ್ಥ ಆಗುತ್ತೆ, ಮೊಗ್ಗು ಕಿತ್ರೆ ಕಮ್ಮಿ, ನಾಳೆಗೆ ಅರಳಿದ್ರೆ ಬುಟ್ಟಿ ತುಂಬುತ್ತೆ ಅಂತ ಸೊಪ್ಪು ಮುಚ್ಚಿ ಬರ್ತೀವಲ್ಲ.

ಗದ್ದೆ ಬದಿಯಣಬೆಯನು ನಡುರಾತ್ರಿ ನೆರೆಮನೆಯ
ಪೆದ್ದನೇ ಬುಟ್ಟಿಯಲಿ ತುಂಬಿಕೊಂಡ
ಇದ್ದುದನು ದೊಡ್ಡದಾಗಲಿಯೆಂದು ಬಿಟ್ಟು ಬೆಳ-
ಗೆದ್ದವನೆ ಬರಿಗೈಲಿ ಮನೆಗೆ ಬಂದ

ಸಾಗರದ ಸೊಸೆ:
ಬೆಳಗೆದ್ದವನೆ!! ಮಾಷ್ಟ್ರೆ, ಕಾಲಿಗೆ ಬಿದ್ದೆ. ಅಕ್ಕಿರೊಟ್ಟಿ ಬಡೀತಾ ಓದಿದೆ, ಕಾವಲಿ ಮೇಲಿನದು ಸೀದೋಯ್ತು.

ಗುರುಲಘು:
ಗೆಲ್ಲೋದನ್ನೇ ಸಾಲಿಂದ ಎತ್ತಿಬಿಟ್ರು. ಅವಧಾನದಲ್ಲಿ, ಅಂದ್ರೆ ಸಭೇಲಿ ಕೂತಲ್ಲೇ ಪದ್ಯ ಕಟ್ಟೋ ಆಟದಲ್ಲಿ, ಪ್ರಶ್ನೆ ಕೇಳೋ ಪೃಚ್ಛಕ ಎಷ್ಟೇ ಬಿಗಿಯಾಗಿ ಗಂಟು ಹಾಕಿದ್ರೂ ಅವಧಾನಿಗಳು ಹಿಂದಿನ ಸಾಲಿಂದ ಎರಡಕ್ಷರ ತಂದು ಬಿಚ್ತಾರಲ್ಲ, ಅದೇ ಪಟ್ಟು. ಬೇರೆಯವರು ಮಾಡಿದಾಗ ಎಷ್ಟು ಸುಲಭ ಕಾಣುತ್ತೆ.

ಮಳೆಗಾಲ:
ನನ್ನ ಓಟು ಅಣಬೆಗೆ. ಆದ್ರೆ ಸಾಲಿನ ಒಡತಿ ದೊಡ್ಡಮ್ಮ ಅಲ್ವಾ, ಹಂಗಾಗಿ ಒಲೆ ಮುಂದೆ ಕೂತು ಎಲ್ಲ ಓದಿ ಹೇಳಿದೆ. ಅಣಬೆದಕ್ಕೆ ನಕ್ರು, ಪಾಹೋಮಂದಕ್ಕೆ "ಛೇ ಪಾಪ" ಅಂದ್ರು, ಲಕ್ಕಮ್ಮಂದು ಮಾತ್ರ ಎರಡು ಸಲ ಓದಿಸ್ಕೊಂಡು, ದೊಡ್ಡಪ್ಪ ಇರೋ ಕಡೆ ಒಂದ್ಸಲ ನೋಡಿ, "ಇದಕ್ಕೆ ಕೊಡು" ಅಂದ್ರು. ದೊಡ್ಡಪ್ಪ ಜಗಲಿಯಿಂದ್ಲೇ "ಇವತ್ತು ರಾಶಿ ಎಷ್ಟಾಯ್ತು ನೋಡೋ ಫೋನಲ್ಲಿ" ಅಂದ್ರು.

ಹಂಗಾಗಿ ಈ ವಾರ ಬಳ್ಳಿಗಾವಿಯವರದ್ದು. ಮುಂದಿನ ಸಮಸ್ಯೆ, ಅದೇ ಚೌಪದಿ, ಪ್ರಾಸ ಡ:

ಕೊಡೆಯಿಲ್ಲದವ ಮಾತ್ರ ನೆನೆಯಲಿಲ್ಲ

ಉಂಬಳ:
ಅವನು ಮನೆಯಿಂದ ಹೊರಗೇ ಬಂದಿಲ್ಲ. ಮುಗೀತು.

ಮಳೆಗಾಲ:
ಪದ್ಯದಲ್ಲಿ ಹೇಳೋ. ಕರೆಂಟು ಹೋಗ್ತಾ ಇದೆ, ಬರ್ತೀ